ನಾಲ್ಕು ಸಾವಿರದ ಮುನ್ನೂರ ಇಪ್ಪತ್ತಾರು

ಪಳಂಗಪ್ಪ ಬಾಯಿಗೆ ಅಂಟಿಸಿದ್ದ ಪ್ಲಾಸ್ಟರು ಒಂದೇ ಸಾಲಿನದು:
ಎಚ್ಚರಿಕೆಗಳನ್ನು ತೋರಿಸಬೇಡ.
ಅದರ ಪಕ್ಕ, ತನಗೇ ಹೇಳಿಕೊಂಡ ಹಾಗೆ,
'ಕೊಯ್ಲು ಮುಗಿಯಲಿ, ನೋಡುವಾ.'
ಹನ್ನೊಂದು ಕೊಯ್ಲು ಮುಗಿದಿತ್ತು.

ನಾನು ಆ ಸಾಲು ಅಳಿಸಿದೆ.
ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸು, ಮಹಡಿಯ ಕೋಣೆ,
ಮಂಗಳವಾರ, ಪುಣ್ಯಕ್ಕೆ ಕರೆಂಟಿತ್ತು.
ಮೂಲೆಯಲ್ಲಿ ಕೂರಿಸಿಟ್ಟ ಹಳೇ ಲೆಕ್ಕಿಗನ ಹಾಗೆ
ಕಂಪೈಲರ್ ಉಸಿರು ತೆಗೆಯದೆ ಹೇಳಿತು, ಹೇಳಿತು,
ಪರದೆಯಲ್ಲಿ ಹಳದಿ ಅಕ್ಷರ ಮೇಲೆ ಮೇಲೆ ಓಡಿ
ಕೊನೆಗೊಂದು ಸಂಖ್ಯೆಯಲ್ಲಿ ನಿಂತಿತು.
ಶೀರ್ಷಿಕೆಯಲ್ಲಿದೆ. ಮತ್ತೆ ಬರೆಯಲಾರೆ.

ಯಾವುದೂ ತಪ್ಪಲ್ಲ, ನೆನಪಿರಲಿ.
ತಪ್ಪಾಗಿದ್ದರೆ ಪ್ರೋಗ್ರಾಮು ಏಳುತ್ತಲೇ ಇರಲಿಲ್ಲ.
ಬರೀ ಗುಮಾನಿ:
ಹೆಸರಿಟ್ಟೆ, ಒಮ್ಮೆಯೂ ಕರೆಯಲಿಲ್ಲ.
ಈ ದಾರಿಗೆ ಯಾರೂ ಬರುವುದಿಲ್ಲ, ದೀಪ ಯಾಕೆ?
ದೊಡ್ಡ ಅಳತೆಯನ್ನು ಸಣ್ಣ ಡಬ್ಬಕ್ಕೆ ಸುರಿಯುತ್ತಿದ್ದೀ, ಚೆಲ್ಲೀತು.

ಕೆಳಗೆ ಆರಿಸುವ ಮೇಜಿನಲ್ಲಿ ನಬೀಸಕ್ಕ
ಯಂತ್ರ ಬಿಟ್ಟದ್ದನ್ನು ಬೆರಳಲ್ಲಿ ಹಿಡಿಯುತ್ತಾಳೆ,
ಕಪ್ಪು ಬೀಜ, ಒಡಕು, ಕಾಯಿಕೊರಕ ತೂತು ಹೊಡೆದದ್ದು.
'ಎಲ್ಲ ಒಂದೇ ದಿನ ಆರಿಸ್ತೀಯಾ ಮೋಳೆ?
ಇವತ್ತು ಬಂದ ಚೀಲಕ್ಕೆ ಹೊಸ ಕಪ್ಪು ಸೇರದ ಹಾಗೆ ನೋಡು.
ಹಳೇದು ಗೋಡೌನಿನಲ್ಲಿದೆ, ಎಲ್ಲಿಗೆ ಓಡೀತು?'

ಸಂಖ್ಯೆಯನ್ನು ಕಡತವೊಂದರಲ್ಲಿ ಬರೆದಿಟ್ಟೆ.
ಅದಕ್ಕಿಂತ ಒಂದು ಹೆಚ್ಚಾದರೂ ಬಿಲ್ಡ್ ನಿಲ್ಲಬೇಕು,
ಕಮ್ಮಿಯಾದರೆ ಆ ಕಮ್ಮಿಯೇ ಹೊಸ ಗೆರೆ.
ಸೋಮವಾರಪೇಟೆಯ ಲಿಖಿತ್ ಮೂರು ದಿನ ಮಾತು ಬಿಟ್ಟ.
ನಾಲ್ಕನೇ ದಿನ, 'ಅಕ್ಕಾ, ನಾಲ್ಕು ಸಾವಿರದ ಮುನ್ನೂರು' ಎಂದ,
ಕಕ್ಕಡದ ಮೊದಲ ಅಣಬೆ ಕಂಡವನ ಮುಖದಲ್ಲಿ.

ಒಂದು ಮಾತ್ರ ನಿದ್ದೆ ಕೆಡಿಸಿತು:
'ಒಳಗಿನ ಹೆಸರು ಹೊರಗಿನ ಹೆಸರನ್ನು ಮರೆಮಾಡುತ್ತಿದೆ.'
ಕೊಡಗಿನಲ್ಲಿ ಇದು ಯಾರಿಗೆ ಗೊತ್ತಿಲ್ಲ?
ಮದುವೆಯಲ್ಲಿ 'ಬಿದ್ದಪ್ಪಾ' ಎಂದು ಕೂಗಿ ನೋಡಿ,
ಒಂಬತ್ತು ತಲೆ ತಿರುಗುತ್ತವೆ.
ಅದಕ್ಕೇ ಮನೆಹೆಸರು ಮೊದಲು, ಮನುಷ್ಯ ಆಮೇಲೆ.
ಪಳಂಗಪ್ಪನ ಕೋಡಿನಲ್ಲಿ ಎರಡು ತೇವಾಂಶ,
ಎರಡಕ್ಕೂ ಮನೆಹೆಸರಿಲ್ಲ.
ಮೀಟರು ಅಳೆದದ್ದು ಬಾಗಿಲ ಹೊರಗೇ ನಿಂತಿತ್ತು.
ಒಳಗೆ ಕೂತು ದುಡ್ಡು ಕಡಿದದ್ದು
ಯಾವತ್ತೋ ಪರೀಕ್ಷೆಗೆಂದು ಬರೆದ ಹನ್ನೆರಡು.
ಹತ್ತು ಚೀಲಕ್ಕಿಂತ ಕಡಿಮೆ ತಂದವರಿಗೆ ಮಾತ್ರ.
ಕಣದಲ್ಲಿ ಗಲಗಲ ಅನ್ನುವವರೆಗೆ ಒಣಗಿಸಿದವರಿಗೂ ಹನ್ನೆರಡು,
ಇಬ್ಬನಿಗೆ ಬಿಟ್ಟು ತಂದವರಿಗೂ ಹನ್ನೆರಡು.
ಪಟ್ಟಿಯಲ್ಲಿ ನಬೀಸಕ್ಕನೂ ಇದ್ದಳು:
ಮೂರು ಚೀಲ, ಮನೆ ಹಿಂದಿನ ಅರ್ಧ ಎಕರೆ.

ಮ್ಯಾನೇಜರ್ ನಾಣಯ್ಯ ಕನ್ನಡಕ ತೆಗೆದು ಒರೆಸಿದರು.
'ಎಷ್ಟು ವರ್ಷದಿಂದ?'
ನಾನು ಪಕ್ಕದ ಷರಾ ಓದಿ ಹೇಳಿದೆ.

ಕಂಪೈಲರಿಗೆ ಕಾಫಿ ಗೊತ್ತಿಲ್ಲ, ತಪ್ಪು ಅದರದಲ್ಲ.
ಅದಕ್ಕೆ ಐವತ್ತು ಎಂದರೆ ಐವತ್ತು,
ಕಿಲೋವೋ ಚೀಲವೋ ಕೇಳುವ ಕುತೂಹಲ ಇಲ್ಲ.
ಮಳೆಗಾಲದ ಲಾರಿಯಿಲ್ಲದ ದಿನಗಳಲ್ಲಿ
ಅದರ ಹೆಗಲಿಗೆ ಒಂದು ಪ್ಲಗಿನ್ ಕೂರಿಸಿದೆ.
ಪ್ರತಿ ಅಂಕಿಯನ್ನೂ ಗೇಟಿನಲ್ಲಿ ತಡೆದು ಕೇಳುತ್ತದೆ,
'ಬಾ, ನೀನು ಯಾವ ಮನೆಯವನು?'
ಕಿಲೋ ಮನೆಯವನನ್ನು ಚೀಲದ ಪಂಕ್ತಿಯಲ್ಲಿ ಕೂರಿಸುವುದಿಲ್ಲ.
ಮೊದಲು ಹಿಡಿದದ್ದು
ನಾನೇ ಹಿಂದಿನ ವಾರ ಬರೆದ ಸಾಲು.

ಪಳಂಗಪ್ಪ ಒಮ್ಮೆ ಬಂದ, ಸುಂಟಿಕೊಪ್ಪದಿಂದ,
ಚೀಲದ ತುಂಬ ಕಿತ್ತಳೆ.
ಪರದೆ ನೋಡಿದ. ಸಂಖ್ಯೆ ಎರಡು ಸಾವಿರದ ತೊಂಬತ್ತು.
'ಅವತ್ತು ಗೇಟಿನಾಚೆ ನಲವತ್ತು ಲಾರಿ,
ಮೋಡ ಕಟ್ಟಿತ್ತು, ಮಗಳಿಗೆ ಜ್ವರ' ಎಂದ,
ಯಾರೂ ಕೇಳದೆ.

ಹಣ್ಣು ಸುಲಿದು ಕೊಟ್ಟೆ. ಹೇಳಲಿಲ್ಲ:
ನಾನೂ ಒಂದರ ಬಾಯಿ ಮುಚ್ಚಿಸಿದ್ದೇನೆ.
ಒಂದೇ ಒಂದು. ಕಾರಣ ಬರೆದಿದ್ದೇನೆ, ಹೆಸರು ಹಾಕಿದ್ದೇನೆ,
ತೆಗೆಯುವ ಗಡುವೂ ಉಂಟು:
ಕೊಯ್ಲಿಗೆ ಮೊದಲು.

ಇವತ್ತು ಬೆಳಿಗ್ಗೆ ಮೊದಲ ಲಾರಿ ಬಂತು.